ಆರ್ಲಿಸನ ಕೋಟು

ಓಝಾರ್ಕ್ ಗುಡ್ಡದ ನಮ್ಮ ಪಕ್ಕದ ಮನೆ ಹಾಯ್ಟ್‌ಗೆ ಆದದ್ದು ಇದು. ಅವನು ಸುಳ್ಳು ಹೇಳೋಕೂ ಸೋಮಾರಿ. ಅದಕ್ಕೇ ನಂಬಿದೆ.

ಮೇ ತಿಂಗಳು. ಕತ್ತಲಾಗಿತ್ತು. ಹಳೇ ಬಾವಿ ದಾಟಿ ಹಾಯ್ಟ್ ಮನೆಗೆ ಬರ್ತಿದ್ದ. ಹೆಗಲಲ್ಲಿ ಬಂದೂಕು, ಚೀಲ ಬರಿದು. ಬಾವಿ ಮುಚ್ಚಿದ ಹಲಗೆ ಕಟ್… ಕಟ್… ಅಂದಿತು. ಅವನು ತಿರುಗಿ ನೋಡಲಿಲ್ಲ. ಇವತ್ತೂ ಅಮ್ಮನಿಗೆ ಏನು ಹೇಳೋದು ಅನ್ನೋದೊಂದೇ ಚಿಂತೆ.

ಅಣ್ಣ ಆರ್ಲಿಸ್ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ತೀರಿಹೋಗಿದ್ದ. ಅಂದಿನಿಂದ ಅಮ್ಮ ಓಪಲ್‌ಗೆ ಅನ್ನ ನೀರು ಸೇರದೆ ಕಡ್ಡಿಯಾಗಿದ್ದಳು. ಮೊನ್ನೆಯಷ್ಟೇ ತಾನಾಗಿ ಬಾಯಿ ಬಿಟ್ಟು ಕೇಳಿದ್ದಳು. "ಒಂದು ಅಳಿಲು ಹೊಡ್ಕೊಂಡು ಬಾರೋ. ಗ್ರೇವಿ ಮಾಡ್ಕೊಂಡು ಉಣ್ತೀನಿ."

ಕೇಳೋದು ಸುಲಭ. ವಸಂತದಲ್ಲಿ ಎಲೆ ದಟ್ಟ. ಅಳಿಲು ಕಾಂಡದ ಆಚೆಗೆ ಸರಿದರೆ ಒಬ್ಬನ ಕೈಗೆ ಸಿಗಲ್ಲ. ಮೊದಲೆಲ್ಲ ಹಾಯ್ಟ್ ಅಲ್ಲಾಡದೆ ಕೂರ್ತಿದ್ದ, ಆರ್ಲಿಸ್ ಮರ ಸುತ್ತಿ ಸದ್ದು ಮಾಡಿ ಅದನ್ನ ಈಚೆಗೆ ಅಟ್ಟುತ್ತಿದ್ದ. ಈಗ ಉಳಿದ ಉಪಾಯ ಒಂದೇ: ಆಚೆ ಪೊದೆಗೆ ಕೋಟು ನೇತುಹಾಕಿ, ದಾರ ಕಟ್ಟಿ ಜಗ್ಗಿ, ಆಳಿದ್ದ ಹಾಗೆ ಅಲ್ಲಾಡಿಸೋದು.

ಮರುದಿನ ಮೊಳೆಯಿಂದ ಅಣ್ಣನ ಕೋಟು ತೆಗೆದ.

"ಬೇರೆ ಕೋಟಿಲ್ವೇನೋ?"

"ಇದನ್ನ ಕಂಡ್ರೆ ಅಳಿಲು ಹೆದರ್ತವಮ್ಮ."

"ಅವು ಹೆದರ್ತಿದ್ದಿದ್ದು ಅವನ ಹಾಡಿಗೆ ಕಣೋ…" ಅಂದಳು ಓಪಲ್. ನಗೋಕೆ ಹೋಗಿ ಅತ್ತಳು.

ಬಾವಿಯಾಚೆ ಹಿಪ್ಪುನೇರಳೆ ಮರ. ಸಂಜೆ ಹಾಯ್ಟ್ ಕೋಟನ್ನ ಮರದಾಚೆ ಪೊದೆಗೆ ನೇತುಹಾಕಿ, ದಾರ ಹಿಡಿದು ಈಚೆ ಕೂತ. ಮೇಲೆ ಕರ… ಕರ… ತರಗೆಲೆ ಮೇಲೆ ಹಣ್ಣು ಟಪ್. ಅಳಿಲು ಕಾಂಡಕ್ಕಿಳಿದು ಆಚೆಗೆ ಸರಿಯಿತು. ದಾರ ಜಗ್ಗಿದ. ಫಟ್! ತುಂಡಾಗಿ ತುದಿ ಮಡಿಲಿಗೆ ಬಿತ್ತು.

"ಥೂ, ನನ್ನ ಹಣೆಬರಹ."

ಆಗ… ಆಚೆ ತರಗೆಲೆ ಚರ್… ಚರ್… ಅಂದಿತು. ಗಾಳಿಯಿಲ್ಲ. ಸದ್ದು ನಿಧಾನಕ್ಕೆ ಮರ ಸುತ್ತುತ್ತಿತ್ತು. ಎಡಗಾಲು ಸ್ವಲ್ಪ ಎಳೆದು ಹಾಕೋ ನಡಿಗೆ… ಆರ್ಲಿಸನದು. ಅಳಿಲು ಹೆದರಿ ಈಚೆ ಬಂತು, ಆಳೆತ್ತರದಲ್ಲಿ. ಹಾಯ್ಟ್ ಗುರಿಯಿಟ್ಟ. ಕಾಂಡದ ಹಿಂದಿನಿಂದ ಪಿಸುಮಾತು.

"ತಡಿಯೋ… ಮೇಲೆ ಹತ್ತಲಿ. ನಾನಿಲ್ಲಿದೀನಿ."

ತನಗೆ ಗುಂಡು ತಾಗದಿರಲಿ ಅಂತ ಅಣ್ಣ ಪ್ರತಿ ಸಲ ಹೇಳ್ತಿದ್ದ ಮಾತು. ಹಾಯ್ಟ್‌ಗೆ ಓಡಿಹೋಗಬೇಕು ಅನ್ನಿಸಿತು. ಅಮ್ಮನ ಬರಿ ತಟ್ಟೆ ಕಣ್ಣಮುಂದೆ ಬಂತು. ಗುರಿ ಕದಲಿಸದೆ ಕಾದ. ಅಳಿಲು ಕೊಂಬೆಗೆ ಹತ್ತಿತು. ಢಂ!

"ಅಣ್ಣಾ…?"

ಮರದಾಚೆ ಹೋಗಿ ನೋಡಿದ, ಯಾರೂ ಇಲ್ಲ. ಕೋಟು ನೇತುಹಾಕಿದ ಪೊದೆಯಲ್ಲೇ ಇತ್ತು. ಅದನ್ನೂ ಅಳಿಲನ್ನೂ ಬಾಚಿಕೊಂಡು ಮನೆಗೆ ಓಡಿದ.

ಕೋಟಿನ ಒಳಮಗುಚಿದ್ದ ತೋಳು ಸರಿಮಾಡಲು ಓಪಲ್ ಕೈ ತೂರಿಸಿದವಳು ಹಾಗೇ ನಿಂತಳು.

"ನೀನು ಹಾಕ್ಕೊಂಡಿದ್ಯೇನೋ ಇದನ್ನ?"

"ಇಲ್ಲಮ್ಮ."

ಅವಳು ಅಳಿಲಿನ ಗ್ರೇವಿ ಮಾಡಿದಳು. ಕೋಟನ್ನ ಮಡಿಲಲ್ಲಿಟ್ಟುಕೊಂಡು ತಟ್ಟೆ ತುಂಬ ಉಂಡಳು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಅವತ್ತು ಅಲ್ಲಿ ನಾನೂ ಊಟಕ್ಕಿದ್ದೆ. ಆ ತೋಳೊಳಗೆ ಕೈ ಹಾಕಿ ನೋಡಿದೀನಿ… ಬೆಚ್ಚಗಿತ್ತು.