ನಶ್ಯದ ಮೂಗುಗಳು ಬರೆದ ವರದಿ

ಒಂದು ಪೇಟೆ. ಅಲ್ಲೊಬ್ಬ ಸಾಹುಕಾರ. ಊದುಬತ್ತಿ ಕಂಪನಿ ಅವನದು. ಬತ್ತಿ ಹೊಸೆಯುವ ಇನ್ನೂರು ಹೆಂಗಸರ ಒಲೆ ಅದರಿಂದಲೇ ಉರಿಯುತ್ತಿತ್ತು. ಕಂಪನಿಗೆ ನಿರ್ದೇಶಕರು ಯಾರು? ಅವನ ತಮ್ಮ, ಭಾವ, ಷಡ್ಡಕ, ಸೋದರಮಾವ, ಬೀಗ, ಬೀಗನ ಅಣ್ಣ. ಒಂದೇ ಪಂಕ್ತಿಯಲ್ಲಿ ಉಂಡವರು. ಸಾಲದ್ದಕ್ಕೆ ನೋಡಿ, ಒಂದೇ ಡಬ್ಬಿಯ ನಶ್ಯ ಏರಿಸುವವರು.

ನಶ್ಯ ಏರಿಸಿ ಏರಿಸಿ ಎಲ್ಲರ ಮೂಗೂ ಸತ್ತಿತ್ತು. ವರ್ಷಕ್ಕೊಮ್ಮೆ ಸಭೆ ಸೇರಿ ಒಂದು ಬತ್ತಿ ಹಚ್ಚುವರು. ಸಾಹುಕಾರ "ಆಹಾ" ಎನ್ನುವನು. ತಮ್ಮನೂ "ಆಹಾ." ಭಾವ ಬಿಟ್ಟಾನೆಯೇ? "ಆಹಾ, ಆಹಾ." ಅಲ್ಲಿಗೆ ವಾರ್ಷಿಕ ವರದಿ ಸಿದ್ಧ: 'ನಮ್ಮ ಪರಿಮಳ ಎಂದಿನಂತೆಯೇ ಇದೆ.' ಇತ್ತ ಅಂಗಡಿಗಳಲ್ಲಿ ಪೊಟ್ಟಣಗಳು ಧೂಳು ಹಿಡಿಯುತ್ತಿದ್ದವು. ಕಂಪನಿ ಮುಚ್ಚುವ ಮಾತೂ ಬಂತು.

ಆಗ, ಮಂಡಳಿಯಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು ಎಂದಿತು ಕಾಯ್ದೆ. ಮೂವತ್ತು ವರ್ಷ ಬತ್ತಿ ಹೊಸೆದ ಮರಿಸಿದ್ದಮ್ಮನನ್ನು ಸಾಹುಕಾರ ಕರೆತಂದ. ಪಾಪದ ಹೆಂಗಸು, ಕಾಫಿ ಕುಡಿದು ರುಜು ಹಾಕಿ ಹೋಗುತ್ತಾಳೆ ಎಂದು ಅವನ ಎಣಿಕೆ.

ಬತ್ತಿ ಹಚ್ಚಿದರು. ಆಹಾ, ಆಹಾ, ಆಹಾ ಎನ್ನುತ್ತ ಸರದಿ ಮರಿಸಿದ್ದಮ್ಮನ ಹತ್ತಿರ ಬಂತು. ಅವಳು ಮೂಸಿದಳು. "ಇದ್ರಲ್ಲಿ ಹೊಗೆ ಬಿಟ್ರೆ ಏನೂ ಇಲ್ಲ ಬುದ್ಧಿ. ಎಣ್ಣೆ ಬದಲಾಯ್ಸಿ ಎರಡು ವರ್ಸ ಆಯ್ತಲ್ಲ, ಆವಾಗ್ಲಿಂದ ಹಿಂಗೇಯ."

ಗೊತ್ತಿತ್ತು ಅವಳಿಗೆ. ಕೇಳಿದವರು ಯಾರು?

ಆಡಿದ್ದು ಆಡಿದ್ದಾಯಿತು, ವರದಿಯಲ್ಲಿ ಮಾತ್ರ ಬೇಡವೆಂದು ಎಲ್ಲರೂ ಗೋಗರೆದರು. ಅವಳು ಪೆನ್ನು ಕೆಳಗಿಟ್ಟಳು. "ಇಲ್ದೇ ಇರೋ ಪರಿಮಳಕ್ಕೆ ನಾನು ರುಜು ಹಾಕಾಕಿಲ್ಲ. ನಾಳೆ ಇನ್ನೂರು ಜನ ನನ್ ಮೊಕ ನೋಡ್ತಾರೆ."

ಅವಳ ರುಜುವಿಲ್ಲದೆ ವರದಿ ಹೊರಗೆ ಹೋಗುವಂತಿರಲಿಲ್ಲ. ಸಾಹುಕಾರ ಬೆವರುತ್ತ ಬರೆಸಿದ: 'ಎರಡು ವರ್ಷದಿಂದ ನಮ್ಮ ಬತ್ತಿಗೆ ಪರಿಮಳವಿಲ್ಲ. ನಮಗೆ ತಿಳಿಯಲಿಲ್ಲ. ಈಗ ಮತ್ತೆ ಹಳೆಯ ಎಣ್ಣೆಯನ್ನೇ ಹಾಕುತ್ತಿದ್ದೇವೆ.' ಅಂಗಡಿಯವರು ಓದಿ ಹೊಟ್ಟೆ ಹಿಡಿದು ನಕ್ಕರು. ಇಷ್ಟು ಒಪ್ಪಿಕೊಂಡವನು ಉಳಿದದ್ದನ್ನೂ ನಿಜವೇ ಹೇಳಿಯಾನು ಎಂದು, ನಕ್ಕವರೇ ಹೊಸ ಬತ್ತಿ ತರಿಸಿದರು. ಇನ್ನೂರು ಒಲೆ ಉಳಿದವು.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಸಂಘದಲ್ಲಿ, ನಿಮ್ಮ ಮನೆಯಲ್ಲಿ 'ಎಲ್ಲ ಚೆನ್ನಾಗಿದೆ' ಎಂದು ಬರೆಯುವವರು ಯಾರು? ಒಂದೇ ಡಬ್ಬಿಯವರಲ್ಲವೇ? ನಾಳೆಯಿಂದ ಆ ಡಬ್ಬಿ ಮುಟ್ಟದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸೊಸೆಯಾಗಲಿ, ಕಸ ಗುಡಿಸುವವಳಾಗಲಿ, ಮೊದಲು ಅವರನ್ನು ಕೇಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ.

ಇದು ಆ ಸಾಹುಕಾರನಿಗೆ, ನಮಗಲ್ಲ ಎನ್ನುತ್ತೀರಾ? ಕಥೆ ಹೇಳಲು ನಾನು ಬಂದು ಕುಳಿತಾಗ, ನನ್ನ ಪಕ್ಕದಲ್ಲಿ ಸಿಕ್ಕಿಸಿರುವ ಈ ಊದುಬತ್ತಿಯ ಕಡೆ ಕೈ ತೋರಿಸಿ 'ಆಹಾ, ಎಂಥ ಪರಿಮಳ' ಎಂದೆ. ನೀವೆಲ್ಲರೂ ತಲೆದೂಗಿದಿರಿ. ಈಗ ಸ್ವಲ್ಪ ಕಣ್ಣು ಬಿಟ್ಟು ನೋಡಿ. ಅದನ್ನು ಯಾರೂ ಹಚ್ಚಿಯೇ ಇಲ್ಲ.