ಐತೋ, ಇಲ್ವೋ

ನಗಬೇಡಿ... ಇದು ನಮ್ಮ ಚಿಕ್ಕಪ್ಪನ ಮಗ ನಾಗೇಶನಿಗೇ ಆಗಿದ್ದು. ಎರಡು ಸಾವಿರದ ಮೂರರಲ್ಲಿ. ಬಸ್ಸಿಳಿದು ಮಲ್ಲಿಪಟ್ಟಣದ ಬಾಡಿಗೆ ಮನೆಗೆ ನಡೆದು ಬರುತ್ತಿದ್ದ. ಕತ್ತಲಾಗಿತ್ತು. ಊರಾಚೆಯ ಬಾವಿ ಹತ್ತಿರ... ಕಿರ್... ಕಿರ್... ರಾಟೆ ಸದ್ದು. ಕಟ್ಟೆಯ ಮೇಲೆ ತಲೆ ತುಂಬ ಸೆರಗು ಹೊದ್ದ ಹೆಂಗಸು.

"ಸಾ... ನನ್ ಕೂಸು ಐತಾ, ನಿಮ್ ಕಂಪ್ಯೂಟರ್ನಾಗೆ?" ಪಿಸುಮಾತು.

"ಕೂಸಿನ ಎಸ್ರೇನವ್ವ?"

"ಇನ್ನೂ ಇಕ್ಕಿರ್ನಿಲ್ಲ. ಹೆಣ್ ಕೂಸು. ನಾನು ಮಾರಮ್ಮ, ಇದೇ ಊರು... ಐತೋ ಇಲ್ವೋ, ಅಷ್ಟ್ ಯೇಳಿ ಸಾಕು."

ಇವನು ಅರಕಲಗೂಡಿನ ಒಂದು ಆಫೀಸಿನಲ್ಲಿ ಜನನ-ಮರಣದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ. ಮೊದಲು ಒಬ್ಬರ ಹೆಸರು ಇದೆಯಾ ಅಂತ ಕೇಳಿದರೆ ಆ ಡಬ್ಬ ಇರೋದನ್ನೆಲ್ಲ ಮಗುಚಿ ಎಣಿಸುತ್ತಿತ್ತು. ಅಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ನಾಗೇಶ ತಲೆ ಓಡಿಸಿದ. ಒಂದು ಸಿಕ್ಕ ಕೂಡಲೇ ನಿಲ್ಲು, ಪೂರ್ತಿ ಓದಬೇಡ, 'ಇದೆ' ಅಥವಾ 'ಇಲ್ಲ' ಅನ್ನು. ಹೆಸರಿನ ಜಾಗ ಖಾಲಿಯಿದ್ದರೆ ಹುಡುಕಲೇಬೇಡ, 'ಇಲ್ಲ' ಅಂದುಬಿಡು... ಹೀಗೆ ಅದಕ್ಕೆ ಕಲಿಸಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ನಮ್ಮ ಹುಡುಗನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆ ಹೆಂಗಸು ಕೇಳಿದ ಮಾರನೇ ದಿನ ಕೂಸಿನ ಹೆಸರಿನ ಜಾಗ ಖಾಲಿ ಬಿಟ್ಟು ಒತ್ತಿದ. 'ಇಲ್ಲ.' ಸಂಜೆ ಬಾವಿ ಹತ್ತಿರ ಅದನ್ನೇ ಹೇಳಿದ.

"ಇಲ್ವಾ...? ಅಂಗಾರೆ ನಾನ್ ಹೆತ್ತಿದ್ ಯಾರ್ನ, ಸಾ?"

ಅಷ್ಟೇ. ಕಟ್ಟೆಯ ಮೇಲೆ ಯಾರೂ ಇಲ್ಲ.

ಬೆಳಿಗ್ಗೆ ಆಫೀಸಿನ ಜವಾನ ಕೆಂಚಯ್ಯನಿಗೆ ಹೇಳಿದ. ಅವನೂ ಅದೇ ಊರಿನವನು. ಕೈಯಲ್ಲಿದ್ದ ಫೈಲು ಕೆಳಗಿಟ್ಟ.

"ಮಾರಮ್ಮನಾ? ಬಾಣಂತೀಲೇ ವೋದ್ಲು ಕಣಪ್ಪ. ಎಸ್ರಿಡೋಕ್ ಮುಂಚೆ ಕೂಸೂ ವೋಯ್ತು. ಆ ಬಾವಿ ತಾವ್ಲೇ ಮಣ್ ಮಾಡಿದ್ದು... ಎಷ್ಟೋ ವರ್ಸಾಯ್ತು."

ಆಗ ನಾಗೇಶನಿಗೆ ಹೊಳೆಯಿತು. ಹುಟ್ಟಿದ ಕೂಡಲೇ ಬರೆಸಿದ ಕೂಸಿಗೆ ಹೆಸರು ಎಲ್ಲಿರುತ್ತದೆ? ಆ ಜಾಗ ಖಾಲಿಯೇ. ಇವನ ಚುರುಕು ಲೆಕ್ಕ ಹುಡುಕದೆಯೇ ಇಲ್ಲ ಅಂದಿತ್ತು. ಖಾಲಿ ಇದ್ದರೆ 'ಇಲ್ಲ' ಅನ್ನು ಅಂತ ಕಲಿಸಿದ್ದನ್ನು ತೆಗೆದುಹಾಕಿ, ತಾಯಿಯ ಹೆಸರು, ಊರು ಹಾಕಿ ಒತ್ತಿದ.

'ಇದೆ.'

ಸತ್ತವಳ ಹೊಟ್ಟೆ ಇನ್ನೊಂದು ಸಲ ಉರಿಸಿದೆನಲ್ಲಾ ಅಂತ ಅಲ್ಲೇ ಅತ್ತುಬಿಟ್ಟನಂತೆ.

ಅವತ್ತು ಕತ್ತಲಾಗುವುದನ್ನೇ ಕಾದು ಬಾವಿ ಹತ್ತಿರ ನಿಂತ. ಯಾರೂ ಕಾಣಲಿಲ್ಲ... ಕಿರ್... ಕಿರ್... ಸದ್ದು ಮಾತ್ರ.

"ಐತೆ ಕಣವ್ವ," ಅಂದ. "ನಿನ್ ಕೂಸು ಐತೆ. ನಾನೇ ಸರ್ಯಾಗ್ ನೋಡಿರ್ನಿಲ್ಲ."

ಕಿರ್... ಕಿರ್ರ್... ಮಗು ನಿದ್ದೆ ಹೋದ ಮೇಲೆ ಕೈ ಬಿಟ್ಟ ತೊಟ್ಟಿಲಿನ ಹಾಗೆ, ಸದ್ದು ನಿಧಾನವಾಗಿ ನಿಂತಿತು. ಮತ್ತೆ ಯಾವತ್ತೂ ಕೇಳಲಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹಗಲು ಹೊತ್ತಿನಲ್ಲಿ ನಾನೇ ಹೋಗಿ ನೋಡಿ ಬಂದಿದ್ದೇನೆ. ಆ ಬಾವಿಗೆ ರಾಟೆ ಇಲ್ಲ. ರಾಟೆ ಕಟ್ಟುವ ಕಂಬವೂ ಇಲ್ಲ.