ದೇವರ ದೀಪ ಮತ್ತು ಮುಸುರೆ ಮಿಶನ್

“ಏಳನೇ ಕ್ಲಾಸ್ ಪಾಸ್ ಆಗದಾವ ನೀ, ನನಗ ದೇವರ ದೀಪ ಆರಸು ಅಂತೀ? ಗಟಾರದ ಪೈಪ್ ತೊಳಿಯೋ ಕೈಯಿಂದ ನನ್ನ ದೇವರ ಮನಿಗೆ ಬೆರಳ ತೋರಸಬ್ಯಾಡ!”

ಹೀಗೆ ಗದರಿದವನು ಒಬ್ಬ ಸಾಹುಕಾರ. ಎಲ್ಲಿ ಗದರಿದ? ತನ್ನ ಮನೆಯ ಪಡಸಾಲೆಯಲ್ಲಿ. ಯಾರ ಮುಂದೆ? ಚಹಾ ಕುಡಿಯುತ್ತ ಕೂತಿದ್ದ ಬೀಗರ ಮುಂದೆ. ಯಾರಿಗೆ? ಕೈಚೀಲ ಹಿಡಿದು ರಿಪೇರಿಗೆ ಬಂದಿದ್ದ ಒಬ್ಬ ಕೆಲಸಗಾರನಿಗೆ. ಬೀಗರು ನಕ್ಕರು. ನೋಡಿ ಶರಣಬಂಧುಗಳೇ, ಬೈದವನಿಗಿಂತ ಆ ನಕ್ಕವರ ಮೇಲೆ ನನಗೆ ಹೆಚ್ಚು ಸಿಟ್ಟು. ಯಾಕೆಂದರೆ ನಾವೆಲ್ಲ ಒಂದಲ್ಲ ಒಂದು ದಿನ ಹಾಗೆ ನಕ್ಕವರೇ.

ಆಗಿದ್ದೇನು ಹೇಳುತ್ತೇನೆ. ಹಿಂದೆ ಮನೆಯ ಮುಸುರೆ ಎಮ್ಮೆಗೆ ಹೋಗುತ್ತಿತ್ತು. ಎಮ್ಮೆ ಹಾಲು ಕೊಡುತ್ತಿತ್ತು. ಸಾಹುಕಾರನ ಮನೆಯಲ್ಲಿ ಎಮ್ಮೆ ಇಲ್ಲ, ಮಿಶನ್ ಇದೆ. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಕೂರಿಸಿದ್ದು. ಉಳಿದ ಅನ್ನ, ಕಾಯಿಪಲ್ಲೆ ಸಿಪ್ಪೆ ಎಲ್ಲ ನುಂಗಿ, ಅರೆದು, ನೀರಿನ ಜೊತೆ ಹೊರಗೆ ಬಿಡುತ್ತದೆ. ಮನೆಯವರು ಅದನ್ನು ಮುಸುರೆ ಮಿಶನ್ ಅನ್ನುತ್ತಿದ್ದರು. ಅದು ಕೆಟ್ಟಿತು. ಹೊಸದು ತಂದರು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಈ ಕೆಲಸಗಾರನನ್ನು ಕರೆದರು.

ಅವನು ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ತಂತಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಉರಿಯಿತು. ಮೇನ್ ಆಫ್ ಮಾಡಿಸಿದ. ಆಗಲೂ ಉರಿಯಿತು! ಗೋಡೆಯ ತಂತಿಯ ಜಾಡು ಹಿಡಿದು ನೋಡಿದ. ಸಂಗತಿ ಇಷ್ಟೇ. ದೇವರ ಮನೆಯಲ್ಲಿ ಒಂದು ಕರೆಂಟಿನ ದೀಪ. ಸಾಹುಕಾರನ ತಂದೆ ಹಚ್ಚಿದ್ದು, ಹನ್ನೆರಡು ವರ್ಷದಿಂದ ಆರಿಲ್ಲ ಎಂದು ಊರಿಗೆಲ್ಲ ಹೆಮ್ಮೆ. ಕರೆಂಟ್ ಹೋದರೂ ಆರಬಾರದೆಂದು ಅದಕ್ಕೆ ಇನ್ವರ್ಟರಿನಿಂದ ಲೈನ್ ಎಳೆಸಿದ್ದರು. ಯಾವನೋ ಅವಸರದವನು ನಡುಗೋಡೆ ಕೊರೆದು ಅದೇ ಲೈನನ್ನು ಅಡುಗೆಮನೆಗೂ ಕೊಟ್ಟಿದ್ದ. ಸ್ವಿಚ್ಚನ್ನೂ ತಪ್ಪು ತಂತಿಗೆ ಹಾಕಿದ್ದ. ಇನ್ವರ್ಟರ್ ನಿಲ್ಲಿಸದೆ ಆ ಮಿಶನ್ನಿನ ಕರೆಂಟು ನಿಲ್ಲುವುದಿಲ್ಲ. ಇನ್ವರ್ಟರ್ ನಿಲ್ಲಿಸಿದರೆ ದೀಪ ಉಳಿಯುವುದಿಲ್ಲ.

ಅದನ್ನು ಹೇಳಿದ್ದಕ್ಕೆ ಆ ಬೈಗುಳ.

ಕೆಲಸಗಾರ ಬೈಗುಳ ನುಂಗಿಕೊಂಡ. “ಸಾವಕಾರ್ರ, ದೀಪದ ಮ್ಯಾಲ ನಂದೇನು ಹಗಿ ಇಲ್ರೀ. ಆದ್ರ ಇದರಾಗ ಇನ್ನೂ ಕರೆಂಟ್ ಹರಿಯಾಕತ್ತೈತ್ರಿ. ಹಿಂಗ ಬಿಚ್ಚಾಕ ಬರೂದಿಲ್ರೀ.”

“ನೀ ಬಿಚ್ಚಬ್ಯಾಡ, ನಡಿ. ಫೋನಿನ್ಯಾಗ ಎಲ್ಲಾ ತೋರಸ್ತಾರ. ನಾನ ಬಿಚ್ಚತೇನಿ!” ಸಾಹುಕಾರ ಅಂಗಿಯ ತೋಳು ಮಡಿಸಿ ಅಡುಗೆಮನೆಗೆ ನಡೆದ. ಅವನ ತಾಯಿ, ಬೀಗರು ಎಲ್ಲ ಹಿಂದೆಯೇ ಬಂದರು.

ಕೆಲಸಗಾರ ಏನು ಮಾಡಬೇಕಿತ್ತು? ‘ಹಾಳಾಗಿ ಹೋಗು’ ಎಂದು ಚೀಲ ಎತ್ತಬೇಕಿತ್ತು. ನಾನಾಗಿದ್ದರೆ ಎತ್ತುತ್ತಿದ್ದೆ. ಅವನು ಎತ್ತಲಿಲ್ಲ. ಸಾಹುಕಾರನಿಗಿಂತ ಮುಂದೆ ಹೋಗಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

“ಏಳೋ ಮ್ಯಾಲ!”

“ಏಳೂದಿಲ್ರೀ. ಸಾವಕಾರ್ರ, ಅಲ್ಲಿ ಮೂಲ್ಯಾಗ ರಬ್ಬರ್ ಚಪ್ಪಲಿ ಅದಾವಲ್ರೀ, ಯಾರವು?”

ಆ ಮನೆಯಲ್ಲಿ ಅಡುಗೆಮನೆಗೆ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಆದರೂ ಸೊಸೆ ಕದ್ದು ಮೆಟ್ಟುತ್ತಿದ್ದಳು. ಸಾಹುಕಾರನ ಮುದುಕಿ ತಾಯಿ ‘ತವರ ಮನ್ಯಾಗ ಇದನ್ನ ಕಲಸ್ಯಾರೇನ’ ಎಂದು ದಿನವೂ ಅವಳನ್ನು ಚುಚ್ಚುತ್ತಿದ್ದಳು.

“ನನ್ನವು ರೀ,” ಎಂದಳು ಸೊಸೆ, ಬಾಗಿಲ ಹಿಂದಿನಿಂದ. “ಬರಿಗಾಲಲೆ ನಿಂತು ಸಿಂಕ್ ಮುಟ್ಟಿದ್ರ ಕೈ ಜುಂ ಅಂತೈತ್ರಿ. ಎರಡ ತಿಂಗಳಾತು.”

“ಯಾಕ ಹೇಳಲಿಲ್ಲವಾ?” ಅಂದ ಬೀಗ. ಆತ ಅವಳ ಅಪ್ಪ. ಸ್ವಲ್ಪ ಮೊದಲು ನಕ್ಕವನೂ ಅವನೇ.

“ಯಾರಿಗೆ ಹೇಳ್ಲೆಪ್ಪಾ? ಚಪ್ಪಲಿ ಹಾಕ್ಕೊಳ್ಳಾಕ ನೆವ ಅಂತಿದ್ರು.”

ಮುದುಕಿ ಎದ್ದಳು. ಮಗನ ಮುಖ ನೋಡಲಿಲ್ಲ. ದೇವರ ಮನೆಗೆ ಹೋಗಿ ಹಿತ್ತಾಳೆ ಪಣತಿ ತೊಳೆದಳು, ಎಣ್ಣೆ ಹಾಕಿದಳು, ಬತ್ತಿ ಹೊಸೆದು ಹಚ್ಚಿದಳು. “ಎಣ್ಣಿ ಐತಿ, ಬತ್ತಿ ಐತಿ. ದೇವರಿಗೆ ಇನ್ನೇನ ಬೇಕು? ಆರಸಪ್ಪ ಆ ಕರೆಂಟನ್ನ.”

“ಅವ್ವಾ, ಅಪ್ಪ ಹಚ್ಚಿದ್ದು...” ಸಾಹುಕಾರ ಬಾಯಿ ತೆರೆದ.

“ನಿಮ್ಮಪ್ಪ ದೀಪ ಹಚ್ಚಿದ್ದು ಮನಿ ಬೆಳಗ್ಲಿ ಅಂತ. ಮನಿ ಸೊಸಿನ್ನ ಸುಡ್ಲಿ ಅಂತ ಅಲ್ಲ.”

ಇನ್ವರ್ಟರ್ ನಿಂತಿತು. ಕೆಲಸಗಾರ ಟೆಸ್ಟರ್ ಇಟ್ಟ, ಉರಿಯಲಿಲ್ಲ. ಒಂದು ಸಲಕ್ಕೆ ನಂಬದೆ ಮತ್ತೊಂದು ಸಲ ಇಟ್ಟು ನೋಡಿದ. ಆಮೇಲೆ ಕೈ ಹಾಕಿದ. ಪೈಪಿನಲ್ಲಿ ನಿಂತ ನೀರಿಗೆ ಬಕೆಟ್ ಇಟ್ಟ. ಹಳೆಯ ಮಿಶನ್ ಭಾರ, ಬಿಚ್ಚುವಾಗ ಮುಖದ ಮೇಲೆ ಬೀಳಬಾರದೆಂದು ಹಿಟ್ಟಿನ ಡಬ್ಬಿಯನ್ನು ಅದರ ಅಡಿಗೆ ಆನಿಸಿದ. ಕೆಳಗಿಳಿಸಿ ಎಲ್ಲರಿಗೂ ತೋರಿಸಿದ. ಒಳಗಿನ ಒಂದು ತಂತಿ ಸುಟ್ಟು ಮಿಶನ್ನಿನ ಮೈಗೆ ಅಂಟಿತ್ತು. ಶಾಕ್ ಹೊಡೆಯದಂತೆ ಕಾಯಬೇಕಾದ ಹಸಿರು ಅರ್ಥಿಂಗ್ ತಂತಿಯನ್ನು ಯಾರೋ ಕತ್ತರಿಸಿ ಒಳಗೆ ತುರುಕಿದ್ದರು.

“ಇಷ್ಟ ದಿನ ಅಕ್ಕಾರನ್ನ ಕಾದದ್ದು ಆ ಚಪ್ಪಲಿ ರೀ,” ಎಂದ.

ಅರ್ಥಿಂಗ್ ಕೂಡಿಸಿದ, ಸ್ವಿಚ್ಚನ್ನು ಸರಿಯಾದ ತಂತಿಗೆ ಹಾಕಿದ, ಅಡುಗೆಮನೆಯ ಲೈನನ್ನು ದೀಪದಿಂದ ಬೇರೆ ಮಾಡಿದ. ಹೊಸ ಮಿಶನ್ ಕೂರಿಸಿ, ಮೊದಲು ಬರೀ ನೀರು ಬಿಟ್ಟು ಎಲ್ಲೂ ಸೋರುವುದಿಲ್ಲವೆಂದು ನೋಡಿಕೊಂಡ. ಕೊನೆಗೆ ಕರೆಂಟು. ಮುದುಕಿ ಮನೆಯವರು ಕುಡಿಯುವ ಬೆಳ್ಳಿ ಲೋಟದಲ್ಲೇ ಅವನಿಗೆ ಹಾಲು ಕೊಟ್ಟಳು. “ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ, ನನ್ನ ಮಗನ” ಎಂದು ಅವನ ನೆತ್ತಿ ಮುಟ್ಟಿದಳು.

ಕಥೆ ಇನ್ನೂ ಚೂರು ಉಳಿದಿದೆ. ಅದಕ್ಕೆ ಮೊದಲು ನಿಮ್ಮ ಕಡೆ ಬರುತ್ತೇನೆ, ತಪ್ಪಿಸಿಕೊಳ್ಳಬೇಡಿ.

ಈ ಸಭೆಯಲ್ಲಿ ನಿಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿದೆಯಲ್ಲ, ಹಾಕಿದವನ ಹೆಸರು ಹೇಳಿ. ಪ್ರಸಾದಕ್ಕೆ ಕೈ ತೊಳೆದಿರಲ್ಲ, ಆ ನಲ್ಲಿ ಕೂರಿಸಿದವನ ಹೆಸರು? ಫ್ಯಾನು ದಾನ ಕೊಟ್ಟವರ ಹೆಸರು ಅದರ ರೆಕ್ಕೆಯ ಮೇಲೇ ಇದೆ, ಓದಿಕೊಳ್ಳಬಹುದು. ಮೇಲೆ ಹತ್ತಿ ಹಾಕಿದವನ ಹೆಸರು? ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ! ನಾವು ಇವತ್ತು ಸುಖವಾಗಿ ಕೂತಿರುವುದು ಹೆಸರು ಗೊತ್ತಿಲ್ಲದ ಆ ಕೈಗಳ ಪುಣ್ಯದಿಂದ. ಅವರನ್ನು ನೆನೆಯದ ಬಾಯಿ ದೇವರನ್ನು ಹೇಗೆ ನೆನೆದೀತು?

ಮನೆಗೆ ಹೋಗಿ ಇಷ್ಟು ಮಾಡಿ. ನಿಮ್ಮ ಮೇನ್ ಎಲ್ಲಿದೆ, ಇನ್ವರ್ಟರ್ ಯಾವುದಕ್ಕೆಲ್ಲ ಕರೆಂಟು ಕೊಡುತ್ತದೆ ಎಂದು ಇವತ್ತೇ ತಿಳಿದುಕೊಳ್ಳಿ. ಕೆಲಸದವನು ‘ಆಫ್ ಮಾಡ್ರಿ’ ಅಂದರೆ ವಾದ ಬೇಡ, ಆಫ್ ಮಾಡಿ. ಟಿವಿ ನಿಂತರೆ ನಿಲ್ಲಲಿ. ಮನೆಯ ಹೆಣ್ಣುಮಗಳು ‘ಜುಂ ಅಂತೈತಿ’ ಅಂದರೆ ಅವತ್ತೇ ನೋಡಿಸಿ. ಅವಳು ಹೇಳದೆ ಚಪ್ಪಲಿ ಮೆಟ್ಟಿದ್ದರೆ ಬೈಯುವ ಮೊದಲು ಯಾಕೆಂದು ಕೇಳಿ. ಬಂದವನ ಹೆಸರು ಕೇಳಿ, ಕೂರಿಸಿ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ. ನಾಲ್ಕು ಜನರ ಮುಂದೆ ಬೈದಿದ್ದರೆ, ಆ ನಾಲ್ಕು ಜನರ ಮುಂದೆಯೇ ಕೈ ಮುಗಿಯಿರಿ. ಮೂಲೆಗೆ ಕರೆದು ಕೇಳುವ ಕ್ಷಮೆ ಕ್ಷಮೆಯಲ್ಲ.

ಇನ್ನು ಆ ಚೂರು. ಸಾಹುಕಾರ ಹಾಗೇ ಮಾಡಿದ. ಬೀಗರ ಎದುರಿಗೇ ಕೈ ಜೋಡಿಸಿದ. “ತಪ್ಪಾತಪ್ಪಾ. ಅಷ್ಟು ಬೈದೆ ನಿನಗ. ಆದ್ರೂ ಬಾಗಲಾ ಬಿಟ್ಟು ಏಳಲಿಲ್ಲಲ್ಲ. ಯಾಕ?”

ಅಡುಗೆಮನೆಯಲ್ಲಿ ಸೊಸೆ ಬರಿಗಾಲಲ್ಲಿ ನಿಂತು, ಮೊಣಕೈತನಕ ನೀರಿನಲ್ಲಿ ಕೈ ಅದ್ದಿ, ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಏನೋ ಹೇಳಿ ನಗುತ್ತ ಪಾತ್ರೆ ತೊಳೆಯುತ್ತಿದ್ದಳು. ಕೆಲಸಗಾರ ಅತ್ತ ಒಮ್ಮೆ ನೋಡಿದ. ಚೀಲ ಹೆಗಲಿಗೇರಿಸಿದ. ಮೆಟ್ಟಿಲಿಳಿದು ನಡೆದುಬಿಟ್ಟ.